ಅಂಗೈ ಅಭ್ಯಾಸ

ನನ್ನ ಮಗಳ ಅಂಗೈಯಲ್ಲಿ ಏನೂ ಬರೆದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ವಿಷಯ ಕೇಳಿದವರೆಲ್ಲ ಮೊದಲು "ಅಯ್ಯೋ ಪಾಪ" ಅನ್ನುತ್ತಾರೆ. ಆಮೇಲೆ ಟೀ ಲೋಟ ಕೆಳಗಿಟ್ಟು, "ಆದರೂ..." ಎಂದು ಶುರುಮಾಡುತ್ತಾರೆ. ಆ 'ಆದರೂ' ಕೇಳಿ ಕೇಳಿ ನನಗೆ ಸಾಕಾಗಿಹೋಗಿದೆ. ಏನೂ ಬರೆದಿರಲಿಲ್ಲ. ಅಷ್ಟೇ.

ನಮ್ಮ ಮನೆಯ ಮುಂದಿನ ಕೋಣೆ ಹೆಸರಿಗಷ್ಟೇ ಮನೆಯದು. ಅಲ್ಲಿ ಒಂದು ಬಿಳಿ ಬೋರ್ಡು, ಒಂದಕ್ಕೊಂದು ಹೊಂದದ ಕುರ್ಚಿಗಳು, ಗೋಡೆ ತುಂಬ ಮೋಡಗಳ ಫೋಟೊ. ಇವರು, ಅಂದರೆ ನನ್ನ ಗಂಡ, ವಿಮಾನ ನಿಲ್ದಾಣದ ಹವಾಮಾನ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಆಮೇಲೆ ಪರೀಕ್ಷಾ ಮಂಡಳಿಯಿಂದ ಮಾನ್ಯತೆ ತಗೊಂಡು ಪೈಲಟ್ ಲೈಸೆನ್ಸಿಗೆ ಓದುವವರಿಗೆ ಪಾಠ ಶುರುಮಾಡಿದರು. ಬೆಳಿಗ್ಗೆ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಹಾರಿದ ಹುಡುಗರು ಹುಡುಗಿಯರು ಮಧ್ಯಾಹ್ನ ನಮ್ಮ ಮನೆಗೆ ಬರುತ್ತಿದ್ದರು. ವಿಮಾನದ ಮಾತಾಡುವಾಗ ಎಲ್ಲರೂ ಹುಲಿಗಳು. ಪುಸ್ತಕ ತೆಗೆದ ಕೂಡಲೇ ಒಬ್ಬರಾದ ಮೇಲೊಬ್ಬರು ಆಕಳಿಸುತ್ತಿದ್ದರು. ಅವರು ಇವರಿಗೆ ಇಟ್ಟ ಹೆಸರು 'ಮೋಡದ ಮೇಷ್ಟ್ರು'. ಅದು ಇವರಿಗೆ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಮುಖ ಮಾಡಿಕೊಂಡು ಒಳಗೊಳಗೇ ಬೀಗುತ್ತಿದ್ದರು.

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಕಣ್ಣು ಪರೀಕ್ಷೆಗೆ ಕೂರಿಸಿ ಗೋಡೆಯ ಮೇಲಿನ ಅಕ್ಷರ ಓದಿಸುವುದು ನನ್ನ ದಿನದ ಪಾಡು. ಕೆಲಸಕ್ಕೆ ಬೇಕಾದ ಸರ್ಟಿಫಿಕೇಟಿಗಾಗಿ ಆ ಅಕ್ಷರಗಳನ್ನು ಉರು ಹೊಡೆದುಕೊಂಡು ಬರುವವರೂ ಇದ್ದಾರೆ. ಅವರನ್ನು ಹಿಡಿಯುವುದು ಕಷ್ಟವಲ್ಲ. ನಿಜವಾಗಿ ಓದುವವರು ಕಣ್ಣು ಕಿರಿದು ಮಾಡುತ್ತಾರೆ, ತಡವರಿಸುತ್ತಾರೆ, ತಲೆ ವಾಲಿಸುತ್ತಾರೆ. ಉರು ಹೊಡೆದವರು ನೆಟ್ಟಗೆ ಕೂತು ಗಡಗಡನೆ ಒಪ್ಪಿಸಿಬಿಡುತ್ತಾರೆ. ಹಾಗೆ ನೋಡುವುದು ನನಗೆ ರೂಢಿಯಾಗಿಬಿಟ್ಟಿದೆ.

ಇವರ ಪಾಠದಲ್ಲಿ ಉರು ಹೊಡೆಯುವುದಕ್ಕೆ ಜಾಗವಿರಲಿಲ್ಲ. ರಸ್ತೆಯ ಆಚೆ ಬದಿಗೆ ಇನ್ನೊಂದು ಕ್ಲಾಸಿತ್ತು. ಎಲ್ಲರ ಬಾಯಲ್ಲಿ ಅದು 'ಕೀ ಕ್ಲಾಸು'. ಹಳೆಯ ಪರೀಕ್ಷೆಗಳ ಪ್ರಶ್ನೆಗಳನ್ನು ಎಲ್ಲಿಂದಲೋ ಸಂಪಾದಿಸಿ, ಉತ್ತರ ಎ ಯೋ ಸಿ ಯೋ ಎಂದಷ್ಟೇ ಬಾಯಿಪಾಠ ಮಾಡಿಸುತ್ತಿದ್ದರು. ಪ್ರಶ್ನೆಯ ಮೊದಲ ಪದ 'ಮಂಜು' ಅಂದರೆ ಬಿ, 'ಗುಡುಗು' ಅಂದರೆ ಡಿ. ಸಂಜೆ ಕಿಟಕಿ ತೆರೆದರೆ ಅಲ್ಲಿನ ರಾಗ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಇವರು ಎದ್ದು ಹೋಗಿ ಕಿಟಕಿ ಮುಚ್ಚಿ ಬರುತ್ತಿದ್ದರು.

ಇವರದು ಬೇರೆಯೇ ದಾರಿ. ಪುಸ್ತಕ ತೆಗೆಯುವ ಮೊದಲು ಹೊರಗೆ ಹೋಗಿ ಆಕಾಶ ನೋಡಬೇಕು, ಈಗ ಏನಿದೆ, ಸಂಜೆಗೆ ಏನಾಗಬಹುದು ಅಂತ ಹೇಳಬೇಕು. ಓದಿದ್ದನ್ನು ಪುಸ್ತಕ ಮುಚ್ಚಿ, ಆಡುವ ಮಾತಿನಲ್ಲಿ, ಬಾಯಿಬಿಟ್ಟು ಹೇಳಿಕೊಳ್ಳಬೇಕು. ಗಾಳಿ ಎತ್ತ ತಿರುಗುತ್ತದೆ, ಒತ್ತಡ ಎಲ್ಲಿ ಇಳಿಯುತ್ತದೆ ಎನ್ನುವುದನ್ನು ಬೆರಳಿನಿಂದ ಮೇಜಿನ ಮೇಲೆ ಗೀಚಿ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಅಂಗೈ. ಪ್ರಶ್ನೆ ಓದುವಾಗ ಕೆಳಗಿನ ನಾಲ್ಕು ಉತ್ತರಗಳನ್ನು ಅಂಗೈಯಿಂದ ಮುಚ್ಚಬೇಕು. ಮೊದಲು ನಿನ್ನ ಉತ್ತರ ಹೇಳು, ಆಮೇಲೆ ಕೈ ತೆಗಿ. ನಾಲ್ಕರಲ್ಲಿ ಮೂರು ಸುಳ್ಳು ಇರುತ್ತವೆ, ಸುಳ್ಳನ್ನು ಮೊದಲು ಓದಿದರೆ ಅದು ನಿಜದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತುಬಿಡುತ್ತದೆ, ಆಮೇಲೆ ಎಬ್ಬಿಸೋಕಾಗಲ್ಲ ಎನ್ನುತ್ತಿದ್ದರು. ಕೈ ಮರೆತವರ ಬೆರಳ ಗೆಣ್ಣಿಗೆ ಸ್ಕೇಲಿನಿಂದ ಮೆಲ್ಲಗೆ ಒಂದು ಬೀಳುತ್ತಿತ್ತು. ಮೀಸೆ ಬಂದ ಹುಡುಗರಿಗೂ.

ಮಗಳು ಈ ಅಂಗೈಯನ್ನು ಕಲಿತದ್ದು ಕ್ಲಾಸಿನಲ್ಲಲ್ಲ, ಊಟದ ಮೇಜಿನಲ್ಲಿ. ಇನ್ನೂ ಶಾಲೆಗೆ ಹೋಗುತ್ತಿದ್ದಾಗಲೇ ಇವರು ಅವಳ ಪಕ್ಕ ಕೂತು ಗಣಿತದ ಪುಸ್ತಕದ ಮೇಲೆ ಅವಳ ಪುಟ್ಟ ಕೈ ಒತ್ತಿ ಇಡಿಸುತ್ತಿದ್ದರು. ಅವಳಿಗೆ ಅದು ಆಟ. ಕೈಯನ್ನು ಹಾಗೇ ಇಟ್ಟು ಮುಖ ಎತ್ತಿ, ಸೂರಿನ ಮೂಲೆ ನೋಡುತ್ತ, ತುಟಿ ಅಲ್ಲಾಡಿಸುತ್ತ ಕೂರುತ್ತಿದ್ದಳು. ನಾನು ತಟ್ಟೆ ತೊಳೆಯುತ್ತ ನೋಡಿ ನಗುತ್ತಿದ್ದೆ. ಸೂರಿನಲ್ಲಿ ಉತ್ತರ ಬರೆದಿಟ್ಟಿದ್ದಾರೇನೋ ಅಂತ ಛೇಡಿಸುತ್ತಿದ್ದೆ.

ಅವಳು ಪೈಲಟ್ ಆಗುತ್ತೇನೆ ಎಂದಾಗ ಇವರು ಬೇಡ ಅನ್ನಲಿಲ್ಲ, ಸೈ ಅನ್ನಲೂ ಇಲ್ಲ. ಮೋಡದ ಕೆಳಗೆ ಒಂದು ಜನ್ಮ ಕಳೆದವರಿಗೆ ಮೋಡದ ಮೇಲೆ ಹೋಗುವ ಮಗಳು ಬೇಕಿತ್ತು ಎಂದು ನನಗೆ ಗೊತ್ತಿತ್ತು. ಇವರ ಕಣ್ಣೇ ಹೇಳುತ್ತಿತ್ತು. ಅವಳು ಚೆನ್ನಾಗಿ ಹಾರಿದಳು. ಕ್ಲಬ್ಬಿನ ತರಬೇತುದಾರ ಹೊಗಳುವುದರಲ್ಲಿ ಮಹಾ ಜಿಪುಣ. ಅಂಥವನು ಕೂಡ ಒಮ್ಮೆ ಮನೆಗೆ ಬಂದಾಗ ಅವಳ ಕೈಗೆ ವಿಮಾನ ಒಗ್ಗಿದೆ ಎಂದು ಹೇಳಿಹೋದ. ಲಿಖಿತ ಪರೀಕ್ಷೆಗಳನ್ನೂ ಒಂದೊಂದಾಗಿ ಮುಗಿಸಿದಳು. ದಿಕ್ಕು ಲೆಕ್ಕ ಹಾಕುವುದು, ಹಾರಾಟದ ನಿಯಮಗಳು, ಎಂಜಿನ್ನು, ರೇಡಿಯೊ, ಎಲ್ಲ ಪಾಸು. ಉಳಿದದ್ದು ಒಂದೇ, ಹವಾಮಾನ. ಅಪ್ಪನದೇ ವಿಷಯ.

ಅದು ಯಾಕೆ ಕೊನೆಗೆ ಉಳಿಯಿತು ಎಂದು ಕೇಳಿ. ಪ್ರತಿ ಸಲ ಅರ್ಜಿ ಹಾಕುವ ಹೊತ್ತಿಗೆ ಇವರು ಅಡ್ಡಗಾಲು ಹಾಕುತ್ತಿದ್ದರು. ಇನ್ನೂ ಹದಕ್ಕೆ ಬಂದಿಲ್ಲ, ಮೋಡದ ಮೇಷ್ಟ್ರ ಮಗಳು ಹವಾಮಾನದಲ್ಲಿ ಬರೀ ಪಾಸಾದರೆ ಜನ ಏನಂತಾರೆ, ಮುಂದಿನ ಸಲ ಬರೆಯಲಿ. ಮುಂದಿನ ಸಲ ಬಂದರೆ ಅದರ ಮುಂದಿನ ಸಲ. ಒಂದು ಮಧ್ಯಾಹ್ನ ಅವಳು ತಡೆಯಲಾರದೆ ಕೇಳಿಯೇಬಿಟ್ಟಳು.

"ಅಪ್ಪ, ನೀನು ನನಗೆ ಪಾಠ ಹೇಳ್ತಿದ್ದೀಯಾ, ಇಲ್ಲಾ ನನ್ನ ಅಟ್ಟದ ಮೇಲೆ ಇಟ್ಟು ಹಣ್ಣು ಮಾಡ್ತಿದ್ದೀಯಾ?"

ಇವರು ನಕ್ಕುಬಿಟ್ಟರು. ಅವಳ ತಲೆಗೆ ಮೊಟಕಿ, ಆಲ್ಟಿಮೀಟರಿನ ಪ್ರಶ್ನೆ ಕೇಳಿದರು. ಅದು ಎತ್ತರ ತೋರಿಸುವ ಯಂತ್ರ. ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹಾರಿದರೆ ಏನಾಗುತ್ತದೆ ಎನ್ನುವುದು ಪ್ರಶ್ನೆ. "ಬಡಾಯಿ ಕೊಚ್ಚತ್ತೆ," ಅಂದಳು ಮಗಳು. "ನಾವು ಇರೋದಕ್ಕಿಂತ ಮೇಲಿದ್ದೀವಿ ಅನ್ನತ್ತೆ. ನಿನ್ನ ಹಾಗೆ." ಅಪ್ಪ ಮಗಳು ಇಬ್ಬರೂ ಬಿದ್ದು ಬಿದ್ದು ನಕ್ಕರು. ಅರ್ಜಿ ಮಾತ್ರ ಆ ಸಲವೂ ಹೋಗಲಿಲ್ಲ.

ಪಾಸಾದ ಪರೀಕ್ಷೆಗಳಿಗೂ ಒಂದು ಆಯುಷ್ಯ ಇರುತ್ತದೆ ಎನ್ನುವುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಎಲ್ಲವನ್ನೂ ಒಂದು ಅವಧಿಯೊಳಗೆ ಮುಗಿಸಬೇಕು. ಮುಗಿಸದಿದ್ದರೆ ಹಿಂದೆ ಪಾಸಾದದ್ದೆಲ್ಲ ರದ್ದು, ಮತ್ತೆ ಮೊದಲಿನಿಂದ ಓದಬೇಕು. ಕೊನೆಗೆ ಇವರು ಹೂಂ ಎಂದಾಗ ಆ ಅವಧಿಯೊಳಗೆ ಉಳಿದಿದ್ದದ್ದು ಒಂದೇ ಸಲದ ಪರೀಕ್ಷೆ. ಮಗಳು ಹೆದರಲಿಲ್ಲ. ಹೆದರುವಂಥದ್ದು ಏನೂ ಇರಲೂ ಇಲ್ಲ. ಆ ಪುಸ್ತಕವನ್ನು ಅವಳು ಅರೆದು ಕುಡಿದಿದ್ದಳು.

ಅಷ್ಟರಲ್ಲಿ ಮಂಡಳಿಯವರು ಕಾಗದದ ಪರೀಕ್ಷೆ ನಿಲ್ಲಿಸಿ ಕಂಪ್ಯೂಟರಿಗೆ ಬಂದಿದ್ದರು. ಪ್ರತಿ ಪರದೆಯ ಮೇಲೂ ಒಂದು ಕ್ಯಾಮೆರಾ. ಕ್ಯಾಮೆರಾ ನೋಡಿದ್ದನ್ನು ಇನ್ನೊಂದು ಯಂತ್ರ ನೋಡಿ, ಯಾರ ನಡವಳಿಕೆ ಅನುಮಾನಾಸ್ಪದ ಎಂದು ಗುರುತು ಹಾಕುತ್ತದಂತೆ. ನಿಯಮಗಳು ಪರೀಕ್ಷೆಗೆ ಮುಂಚೆ ಪರದೆಯ ಮೇಲೆ ಉದ್ದಕ್ಕೆ ಬರುತ್ತವೆ, ಓದಿದ್ದೇನೆ ಎಂದು ಒತ್ತಿದರೆ ಮಾಯವಾಗುತ್ತವೆ. ಮಗಳು ಒತ್ತಿದಳು. ಎಲ್ಲರೂ ಒತ್ತುತ್ತಾರೆ. ಪರದೆಗೆ ಕೈ ಅಡ್ಡ ಹಿಡಿಯಬಾರದು, ಮಾತಾಡಬಾರದು, ನೋಟ ಪದೇಪದೇ ಬೇರೆಡೆ ಹೋಗಬಾರದು ಎನ್ನುವುದು ಅದರಲ್ಲಿ ಇತ್ತು. ಇವರಿಗೂ ಅದರ ಪ್ರತಿ ಅಂಚೆಯಲ್ಲಿ ಬಂದಿತ್ತು. ಲಕೋಟೆ ಒಡೆದು, ಓದಿ, ಕಂಪ್ಯೂಟರಿನವರ ಕಾಟ ಎಂದು ಗೊಣಗಿ ಪಕ್ಕಕ್ಕಿಟ್ಟಿದ್ದರು.

ಪರೀಕ್ಷೆಯ ದಿನ ನಾನು ಅಂಗಡಿಗೆ ರಜೆ ಹಾಕಿ ಪರೀಕ್ಷೆ ಹಾಲಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಶುರುವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ, ಒಬ್ಬ ಹುಡುಗ ಹೊರಗೆ ಬಂದ. ಅವನು ಒಂದಷ್ಟು ದಿನ ಇವರ ಹತ್ತಿರ ಕಲಿತು, ಅಂಗೈ ಮುಚ್ಚಿ ಓದುವುದು ಆಗುವುದಿಲ್ಲ ಎಂದು ಕೀ ಕ್ಲಾಸಿಗೆ ಹಾರಿದವನು. ನಮ್ಮ ಮನೆಯಲ್ಲಿ ಅವನ ಹೆಸರು ಗಿಳಿ. ಮುಗಿಯಿತೇ ಎಂದು ಕೇಳಿದೆ. ಎಲ್ಲ ಬಂದದ್ದೇ ಬಂದಿತ್ತು ಆಂಟಿ ಎಂದು ಹಲ್ಲು ಕಿರಿದು ಹೋದ. ಅವನ ಹಿಂದೆಯೇ ಮಗಳು ಬಂದಳು. ಅವಳ ಜೊತೆ ಹಾಲಿನ ಮೇಲ್ವಿಚಾರಕಿ. ಮಗಳ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದುಕೊಂಡಿದ್ದಳು, ಅಂಗಡಿಯಲ್ಲಿ ಕದ್ದವರನ್ನು ಹಿಡಿದ ಹಾಗೆ.

ಅವಳ ಅಂಗೈಯಲ್ಲಿ ನೀಲಿ ಕಲೆ ಇತ್ತು. ಲೆಕ್ಕ ಮಾಡಲು ಕೊಟ್ಟ ಹಾಳೆಯ ಮೇಲೆ ಕೈ ಊರಿದಾಗ ಹಸಿ ಶಾಯಿ ಬೆವರಿಗೆ ಹತ್ತಿದ್ದು. ಅಕ್ಷರವಲ್ಲ, ಅಂಕಿಯಲ್ಲ, ಬರೀ ಕಲೆ. ಮೇಲ್ವಿಚಾರಕಿ ಅದರ ಫೋಟೊ ತೆಗೆದಳು, ಒರೆಸಿಹಾಕಿರಬಹುದು ಎಂದು ವರದಿಯಲ್ಲಿ ಬರೆದಳು. ಪರೀಕ್ಷೆ ಅರ್ಧಕ್ಕೇ ನಿಂತಿತು. ಜನರು 'ಆದರೂ' ಎನ್ನುವುದು ಈ ಕಲೆಯನ್ನು ಹಿಡಿದುಕೊಂಡು.

ಮನೆಗೆ ಬಂದು ಮಗಳು ನಡೆದದ್ದನ್ನು ಹೇಳಿದಾಗ ಇವರು ಮೊದಲು ನಂಬಲಿಲ್ಲ, ಆಮೇಲೆ ಕುದ್ದುಹೋದರು. ಓದಿದವರು ಯಾರು, ಕದ್ದವರು ಯಾರು ಅಂತ ಗೊತ್ತಾಗದ ಯಂತ್ರಕ್ಕೆ ಕಣ್ಣು ಕೊಟ್ಟವರು ಯಾರು ಎಂದು ಕೂಗಾಡಿದರು. ಒಂದು ವಾರದಲ್ಲಿ ವಿಚಾರಣೆಯ ನೋಟೀಸು ಬಂತು. ಆರೋಪ ನಿಜವಾದರೆ ಎರಡು ವರ್ಷ ಪರೀಕ್ಷೆಗೆ ಕೂರುವಂತಿಲ್ಲ ಎಂದಿತ್ತು. ಎರಡು ವರ್ಷ ಅಂದರೆ ಪಾಸಾದದ್ದೆಲ್ಲ ನೀರಿನಲ್ಲಿ ಹೋಮ. ಕ್ಲಬ್ಬಿನವರು ಅಷ್ಟು ದಿನ ಅವಳನ್ನು ಹಾರಲು ಬಿಡುವುದಿಲ್ಲ. ಆಮೇಲೆ ಯಾವ ವಿಮಾನ ಕಂಪನಿ ನಕಲು ಹೊಡೆದವಳು ಎಂಬ ಮುದ್ರೆ ಬಿದ್ದವಳನ್ನು ಕರೆಯುತ್ತದೆ?

ಕಲಿಸಿದ ಮೇಷ್ಟ್ರನ್ನು ಸಾಕ್ಷಿಯಾಗಿ ಕರೆದುಕೊಂಡು ಬರಬಹುದು ಎಂದೂ ನೋಟೀಸಿನಲ್ಲಿತ್ತು. ಇವರು ಎದೆ ತಟ್ಟಿಕೊಂಡು ಹೇಳಿದರು, ನಾನು ಬರ್ತೀನಿ, ಇದು ನನ್ನ ಪದ್ಧತಿ ಅಂತ ಹೇಳ್ತೀನಿ, ಬೇಕಾದರೆ ಅವರ ಮುಂದೇ ಕೂತು ಮಾಡಿ ತೋರಿಸ್ತೀನಿ. ಮಗಳ ಮುಖ ಅವತ್ತು ಮೊದಲ ಸಲ ಸಡಿಲವಾಯಿತು. ವಿಚಾರಣೆಯ ಬೆಳಿಗ್ಗೆ ನಾನು ಹಾಕಿದ ಬೀಗವನ್ನೇ ಮತ್ತೆ ಮತ್ತೆ ಎಳೆದು ನೋಡುತ್ತಿದ್ದೆ. ಅವಳೇ ನನ್ನ ಭುಜ ಅದುಮಿ ಸಮಾಧಾನ ಮಾಡಿದಳು.

"ಅಪ್ಪ ಬರ್ತಾನಲ್ಲಮ್ಮ. ಇನ್ನೇನು ಭಯ?"

ಮಂಡಳಿಯ ಕಚೇರಿ ತುಂಬ ಚೊಕ್ಕಟವಾಗಿತ್ತು. ಉದ್ದ ಮೇಜು, ನೀರಿನ ಬಾಟಲಿಗಳು, ಗೋಡೆಗೆ ದೊಡ್ಡ ಟಿ.ವಿ. ವಿಚಾರಣೆ ಅಧಿಕಾರಿ ನಯವಾದ ಮನುಷ್ಯ, ಒಂದು ಮಾತನ್ನೂ ಎತ್ತಿ ಆಡಲಿಲ್ಲ. ನನ್ನನ್ನು ಹಿಂದಿನ ಕುರ್ಚಿಯಲ್ಲಿ ಕೂರಿಸಿ, ತಾಯಿಯವರು ಕೇಳಬಹುದು, ಮಾತಾಡುವಂತಿಲ್ಲ ಎಂದರು. ಆಮೇಲೆ ವಿಡಿಯೊ ಹಾಕಿದರು. ಅದರಲ್ಲಿ ಧ್ವನಿ ಇರಲಿಲ್ಲ.

ಟಿ.ವಿ.ಯಲ್ಲಿ ಮಗಳು ಪರದೆಗೆ ಅಂಗೈ ಅಡ್ಡ ಹಿಡಿದಳು. ಮುಖ ಎತ್ತಿ ಸೂರಿನ ಮೂಲೆ ನೋಡಿದಳು. ತುಟಿ ಅಲ್ಲಾಡಿದವು. ಎಡಗೈ ಬೆರಳು ಮೇಜಿನ ಮೇಲೆ ಸುತ್ತು ಸುತ್ತಾಗಿ ಏನೋ ಗೀಚಿತು. ಕೈ ತೆಗೆದಳು, ಉತ್ತರ ಒತ್ತಿದಳು. ಮತ್ತೆ ಅಂಗೈ, ಮತ್ತೆ ಸೂರು, ಮತ್ತೆ ತುಟಿ. ಪ್ರತಿ ಸಲವೂ ಮೂಲೆಯಲ್ಲಿ ಒಂದು ಕೆಂಪು ಚೌಕ ಮಿನುಗುತ್ತಿತ್ತು. ನನಗೆ ಕಂಡದ್ದು ನಮ್ಮ ಊಟದ ಮೇಜು. ಆದರೆ ಆ ಕೋಣೆಯಲ್ಲಿ ಕೂತ ಬೇರೆ ಯಾರು ನೋಡಿದರೂ, ಕೈಯಲ್ಲಿ ಬರೆದದ್ದನ್ನು ಓದಿ ಯಾರಿಗೋ ಸನ್ನೆ ಮಾಡುವ ಹುಡುಗಿ ಎಂದೇ ಅಂದುಕೊಳ್ಳುತ್ತಿದ್ದರು. ಹೋಲಿಕೆಗೆ ಎಂದು ಅಧಿಕಾರಿ ಪಕ್ಕದ ಕುರ್ಚಿಯವನ ವಿಡಿಯೊವನ್ನೂ ಸ್ವಲ್ಪ ತೋರಿಸಿದರು. ಪಕ್ಕದಲ್ಲಿ ಕೂತಿದ್ದವನು ಗಿಳಿ. ಕೈ ಎರಡೂ ಮೇಜಿನ ಮೇಲೆ, ಬೆನ್ನು ನೆಟ್ಟಗೆ, ಕಣ್ಣು ಪರದೆ ಬಿಟ್ಟು ಕದಲಲಿಲ್ಲ. ಒಂದೇ ಒಂದು ಕೆಂಪು ಚೌಕ ಇಲ್ಲ. ಪರೀಕ್ಷೆಯಲ್ಲಿ ಹೇಗಿರಬೇಕೋ ಹಾಗಿದ್ದಾನೆ ನೋಡಿ ಎಂದರು ಅಧಿಕಾರಿ. ನನಗೆ ಬಂದ ಸಿಟ್ಟಿಗೆ ಆ ನೀರಿನ ಬಾಟಲಿ ಎತ್ತಿ ಟಿ.ವಿ.ಗೆ ಎಸೆಯಬೇಕೆನಿಸಿತು. ಹಲ್ಲು ಕಚ್ಚಿ ಕೂತೆ.

ಮಗಳು ತನ್ನ ಮಾತು ಹೇಳಿದಳು. ಇದು ನಾನು ಓದುವ ಅಭ್ಯಾಸ, ಉತ್ತರ ನೋಡದೆ ಯೋಚಿಸಲು ಕೈ ಅಡ್ಡ ಇಡುತ್ತೇನೆ, ಮೇಷ್ಟ್ರು ಹೀಗೇ ಕಲಿಸಿದ್ದು, ಅವರೇ ಬಂದಿದ್ದಾರೆ ಕೇಳಿ. ಎಲ್ಲರೂ ಇವರ ಕಡೆ ತಿರುಗಿದರು.

ಅಧಿಕಾರಿ ಪೆನ್ನು ಕೆಳಗಿಟ್ಟರು. ನಿಮ್ಮ ಹೆಸರು ನಮಗೆ ಗೊತ್ತು, ನಿಮ್ಮ ಬಗ್ಗೆ ಗೌರವ ಇದೆ ಎಂದು ಶುರುಮಾಡಿ, ಮೃದುವಾಗಿ ಎಲ್ಲ ಬಿಡಿಸಿ ಹೇಳಿದರು. ಇದು ಕ್ಲಾಸಿನಲ್ಲಿ ಹೇಳಿಕೊಟ್ಟ ಅಭ್ಯಾಸ ಎಂದು ನೀವು ಹೇಳಿದರೆ ಹುಡುಗಿಯದು ತಪ್ಪಲ್ಲ, ಎಚ್ಚರಿಕೆ ಕೊಟ್ಟು ಇನ್ನೊಮ್ಮೆ ಪರೀಕ್ಷೆ ಕೊಡುತ್ತೇವೆ. ಆದರೆ ಮಾನ್ಯತೆ ಇರುವ ಒಂದು ಕ್ಲಾಸಿನಲ್ಲಿ ಹಾಲಿನ ನಿಯಮಕ್ಕೆ ವಿರುದ್ಧವಾದದ್ದನ್ನು ಕಲಿಸುತ್ತಿದ್ದಾರೆ ಎಂದು ನಾವು ದಾಖಲಿಸಬೇಕಾಗುತ್ತದೆ. ನಿಯಮ ನಿಮಗೆ ಕಳಿಸಿದ್ದೆವು. ನಿಮ್ಮ ಮಾನ್ಯತೆ ನವೀಕರಣ ಈಗ ನಮ್ಮ ಮುಂದಿದೆ, ಅದನ್ನು ತಡೆಹಿಡಿಯಬೇಕಾಗುತ್ತದೆ. ಈ ಸಲ ಬರೆದ, ಒಂದೆರಡೇ ಗುರುತು ಬಿದ್ದದ್ದರಿಂದ ನಾವು ಬಿಟ್ಟಿರುವ, ನಿಮ್ಮ ಬೇರೆ ವಿದ್ಯಾರ್ಥಿಗಳ ವಿಡಿಯೊಗಳನ್ನೂ ತೆಗೆದು ನೋಡಬೇಕಾಗುತ್ತದೆ. ಯೋಚಿಸಿ ಹೇಳಿ, ಇದು ನೀವು ಹೇಳಿಕೊಟ್ಟದ್ದಾ?

ಇವರು ಕನ್ನಡಕ ತೆಗೆದು ಒರೆಸಿದರು. ಆ ಕನ್ನಡಕ ನಾನೇ ಮಾಡಿಸಿಕೊಟ್ಟದ್ದು. ಅದರಲ್ಲಿ ಒಂದು ಧೂಳೂ ಇರಲಿಲ್ಲ. ನಾನು ಮನಸ್ಸಿನಲ್ಲೇ 'ಹೇಳಿ, ಹೇಳಿ' ಎಂದು ಇವರನ್ನು ತಳ್ಳುತ್ತಿದ್ದೆ. ಮಗಳು ಇವರ ಕಡೆ ನೋಡುತ್ತಲೂ ಇರಲಿಲ್ಲ. ಅಷ್ಟು ಧೈರ್ಯವಿತ್ತು ಅವಳಿಗೆ.

"ನಾನು ಹೇಳಿಕೊಡೋದು ಹವಾಮಾನ ಸರ್," ಎಂದರು ಇವರು. "ಪರೀಕ್ಷೆ ಹಾಲಲ್ಲಿ ಹೇಗೆ ಕೂತ್ಕೋಬೇಕು ಅಂತ ನಾನು ಯಾರಿಗೂ ಹೇಳಿಕೊಟ್ಟಿಲ್ಲ."

ಆ ಮಾತಿನಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಅದೇ ನನ್ನನ್ನು ಇವತ್ತಿಗೂ ಸುಡುವುದು. ಸುಳ್ಳು ಹೇಳಿದ್ದರೆ ಹೆದರಿ ಹೇಳಿದರು ಎಂದು ಕ್ಷಮಿಸಿಬಿಡುತ್ತಿದ್ದೆನೇನೋ. ಇವರು ಕೂತು, ಯೋಚಿಸಿ, ಒಂದೊಂದು ಪದವನ್ನೂ ತೂಗಿ, ಎಲ್ಲಿ ಒತ್ತಿದರೂ ಒಡೆಯದಂಥ ಮಾತು ಕಟ್ಟಿದರು. ಹಾಲಿನಲ್ಲಿ ಕೂರುವುದನ್ನು ಹೇಳಿಕೊಟ್ಟಿಲ್ಲ, ನಿಜ. ಮನೆಯಲ್ಲಿ, ಊಟದ ಮೇಜಿನಲ್ಲಿ, ಪುಟ್ಟ ಕೈಯನ್ನು ಒತ್ತಿ ಹಿಡಿದು ಹೇಳಿಕೊಟ್ಟದ್ದು.

ಮಗಳು ಆಗ ತಿರುಗಿ ನೋಡಿದಳು. ಸಿಟ್ಟಿನಿಂದಲ್ಲ. ಅಂಗಡಿಗೆ ಬರುವ ಕೆಲವರು ನಿನ್ನೆಯವರೆಗೆ ಕಾಣುತ್ತಿದ್ದ ಸಾಲು ಇವತ್ತು ಕಾಣದೆ ಹೋದಾಗ ಹಾಗೆ ನೋಡುತ್ತಾರೆ. ನಾನು ಎದ್ದುನಿಂತೆ. ನಾಲಿಗೆಯ ತುದಿಗೆ ಮಾತು ಬಂದಿತ್ತು. ಅಧಿಕಾರಿ ಕೈ ಎತ್ತಿ ನನ್ನನ್ನು ಕೂರಿಸಿದರು, ಮಗಳನ್ನು ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಅವಳು ಆಗ ಬಾಯಿಬಿಟ್ಟಿದ್ದರೆ ಸಾಕಿತ್ತು. ಇವರ ಹತ್ತಿರ ಕಲಿತ ಯಾರನ್ನಾದರೂ ಕರೆಸಿ ಕೇಳಿ ಅಂದಿದ್ದರೆ ಸಾಕಿತ್ತು. ಒಬ್ಬರಲ್ಲ ಒಬ್ಬರು ಬೆರಳ ಗೆಣ್ಣು ತೋರಿಸುತ್ತಿದ್ದರು.

"ಏನಿಲ್ಲ ಸರ್," ಅಂದಳು. "ಅಭ್ಯಾಸ ನನ್ನದೇ."

ಬರುವಾಗ ಬಸ್ಸಿನಲ್ಲಿ ಇವರು ಕಿಟಕಿಯ ಪಕ್ಕ ಕೂತು ಮೋಡ ನೋಡುತ್ತ ಬಂದರು. ಮಗಳು ನನ್ನ ಪಕ್ಕ ಕೂತು ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಮನೆಗೆ ಬಂದು ಅವಳು ಸ್ನಾನಕ್ಕೆ ಹೋದಾಗ ನಾನು ಇವರನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದೆ. ಮದುವೆಯಾದ ಮೇಲೆ ನಾನು ಇವರಿಗೆ ಅಂಥ ಮಾತು ಆಡಿದ್ದು ಅದೇ ಮೊದಲು. ಇವರು ತಲೆ ತಗ್ಗಿಸಿ ಕೇಳಿದರು. ಆಮೇಲೆ ಲೆಕ್ಕ ಒಪ್ಪಿಸುವವರ ಹಾಗೆ ಹೇಳತೊಡಗಿದರು. ಕ್ಲಾಸು ಮುಚ್ಚಿದರೆ ನಡುನೀರಿನಲ್ಲಿರುವ ಮಕ್ಕಳ ಗತಿ ಏನು, ಅವರ ವಿಡಿಯೊ ತೆಗೆದರೆ ಒಂದಲ್ಲ ಒಂದು ಸಲ ಎಲ್ಲರ ಕೈಯೂ ಪರದೆಯ ಮೇಲೆ ಇರುತ್ತದೆ, ಒಬ್ಬಳಿಗಾಗಿ ಅಷ್ಟು ಜನರ ಬಾಯಿಗೆ ಮಣ್ಣು ಹಾಕಲೇ?

"ಅಷ್ಟು ಜನ ಮಕ್ಕಳಲ್ಲಿ ನಮ್ಮದೊಂದು ಇರಲಿಲ್ವಾ?" ಅಂದೆ.

ಆ ಮಕ್ಕಳ ಹೆಸರು ಹಿಡಿದುಕೊಂಡದ್ದು ಪೂರ್ತಿ ಸುಳ್ಳಲ್ಲ ಎಂದು ನನಗೂ ಗೊತ್ತು. ಆದರೆ ನಿಜವಾಗಿ ಇವರನ್ನು ಹೆದರಿಸಿದ್ದು ಅದಲ್ಲ. ಮೋಡದ ಮೇಷ್ಟ್ರು ತಪ್ಪು ಕಲಿಸಿದರು ಎಂದು ಊರೆಲ್ಲ ಆಡಿಕೊಳ್ಳುವುದು, ಎದುರುಗಡೆಯ ಕ್ಲಾಸಿನವರು ನಗುವುದು, ಅದು ಇವರಿಗೆ ಸಹಿಸಲಾಗುತ್ತಿರಲಿಲ್ಲ. ಇಷ್ಟು ವರ್ಷ ಜೊತೆಗೆ ಬಾಳಿದವಳಿಗೆ ಅಷ್ಟು ತಿಳಿಯುವುದಿಲ್ಲವೇ?

ತೀರ್ಪು ಬಂತು, ಎರಡು ವರ್ಷ. ಹಳೆಯ ಪರೀಕ್ಷೆಗಳೆಲ್ಲ ರದ್ದಾದವು. ಕ್ಲಬ್ಬಿನವರು ಅವಳ ಹೆಸರನ್ನು ಬೋರ್ಡಿನಿಂದ ಅಳಿಸಿದರು. ಗಿಳಿಗೆ ತೊಂಬತ್ತರ ಮೇಲೆ ಅಂಕ ಬಂದು ಕೀ ಕ್ಲಾಸಿನ ಹೊರಗೆ ಅವನ ದೊಡ್ಡ ಫೋಟೊ ಹಾಕಿದರು. ಅದು ನಮ್ಮ ಬಾಗಿಲಿಗೆ ನೇರ ಎದುರು. ಇವರ ಮಾನ್ಯತೆಯೂ ನವೀಕರಣವಾಗಿ ಬಂತು. ಕ್ಲಾಸು ಮತ್ತೆ ತುಂಬಿತು. ಇವರು ಈಗಲೂ ಆಕಾಶ ನೋಡಿಸುತ್ತಾರೆ, ಈಗಲೂ ಬಾಯಿಬಿಟ್ಟು ಹೇಳಿಸುತ್ತಾರೆ. ಜೊತೆಗೆ ಕೊನೆಯ ತಿಂಗಳು ಮಾತ್ರ ಎಲ್ಲರನ್ನೂ ಕಂಪ್ಯೂಟರ್ ಮುಂದೆ ಕೂರಿಸಿ, ಅಲ್ಲಾಡದೆ ಇರುವುದನ್ನೂ ಹೇಳಿಕೊಡುತ್ತಾರೆ. ಅಷ್ಟು ಬುದ್ಧಿ ಬರಲು ನನ್ನ ಮಗಳು ಬೇಕಾಯಿತು.

ಮಗಳು ನನ್ನ ಜೊತೆ ಅಂಗಡಿಗೆ ಬರತೊಡಗಿದಳು. ಹಿಂದಿನ ಕೋಣೆಯಲ್ಲಿ ಗಾಜಿನ ಅಂಚು ಸವೆಸಿ ಚೌಕಟ್ಟಿಗೆ ಕೂರಿಸುವ ಕೆಲಸ. ಕೈ ಚುರುಕು, ಒಂದು ಗಾಜನ್ನೂ ಒಡೆಯಲಿಲ್ಲ. ಅಳುತ್ತಾಳೆ ಎಂದು ಕಾದೆ, ಅಳಲಿಲ್ಲ. ಮನೆಯಲ್ಲಿ ಕೂಗಾಡಲಿಲ್ಲ, ಅಪ್ಪನ ಜೊತೆ ಮಾತು ಬಿಡಲೂ ಇಲ್ಲ. ಇವರು ಅದನ್ನೇ ನೆಮ್ಮದಿ ಎಂದುಕೊಂಡರು. ಒಂದು ಸಂಜೆ, ಎಲ್ಲ ತಣ್ಣಗಾಗಿದೆ ಎಂದು ಅನಿಸಿತೇನೋ, ಊಟಕ್ಕೆ ಕೂತಾಗ ಮಾತು ತೆಗೆದರು. ಎರಡು ವರ್ಷ ಅಂದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಗುತ್ತದೆ, ಮತ್ತೆ ಶುರುಮಾಡೋಣ, ಮಂಡಳಿಗೆ ಒಂದು ಮಾತು ನಾನೇ ಹೇಳುತ್ತೇನೆ, ಈ ಸಲ ಹವಾಮಾನವನ್ನೇ ಮೊದಲು ಬರೆದುಬಿಡು.

ಮಗಳು ಇವರ ತಟ್ಟೆ ನೋಡಿ, ಖಾಲಿಯಾಗಿದೆ ಎಂದು ಇನ್ನಷ್ಟು ಬಡಿಸಿದಳು.

"ಬೇಡಪ್ಪ," ಅಂದಳು. "ನೀವು ಸುಮ್ಮನೆ ತೊಂದರೆ ತಗೋಬೇಡಿ. ನೀವು ಊಟ ಮಾಡಿ."

ನನ್ನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಮಾತು ಬಂದಂದಿನಿಂದ ಅವಳು ಅಪ್ಪನನ್ನು ನೀನು ಎಂದವಳು, ಬಾ ಹೋಗು ಎಂದವಳು, ಹೆಗಲೇರಿ ಕೂತು ಕೂದಲು ಜಗ್ಗಿದವಳು. ನನ್ನನ್ನು ಈಗಲೂ ನೀನು ಅನ್ನುತ್ತಾಳೆ. ಇವರು ತುತ್ತು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಹಾಗೆ ಯಾಕೆ ಕರೀತೀಯ ಎಂದು ಕೇಳಬಹುದಿತ್ತು. ಕೇಳಲಿಲ್ಲ.

ಅವತ್ತಿನಿಂದ ಹಾಗೆಯೇ ನಡೆದಿದೆ. ಬನ್ನಿ, ಕೂತ್ಕೊಳ್ಳಿ, ಔಷಧಿ ತಗೊಂಡ್ರಾ, ನಾನು ಹೊರಟೆ ಅಪ್ಪ, ಬಾಗಿಲು ಹಾಕ್ಕೊಳ್ಳಿ. ದನಿಯಲ್ಲಿ ಕೊಂಕಿಲ್ಲ, ಮುಖ ಸಿಂಡರಿಸುವುದಿಲ್ಲ, ತಪ್ಪು ಹುಡುಕಲು ಒಂದು ಚೂರು ಜಾಗ ಬಿಟ್ಟಿಲ್ಲ. ಮನೆಗೆ ಬಂದ ಹಿರಿಯರೊಬ್ಬರನ್ನು ಮಾತಾಡಿಸುವ ಹಾಗೆ ಮಾತಾಡಿಸುತ್ತಾಳೆ.

ಮೊನ್ನೆ ಹೊಸ ಹುಡುಗನೊಬ್ಬನನ್ನು ಕ್ಲಾಸಿಗೆ ಸೇರಿಸಲು ಅವನ ತಂದೆ ಬಂದಿದ್ದರು. ಮಗಳು ಅಂಗಡಿಗೆ ಹೊರಟಿದ್ದವಳು, ಹೋಗುವ ಮುಂಚೆ ಅವರಿಗೆ ಟೀ ತಂದಿಟ್ಟು, ನಿಮ್ಮದು ಸಕ್ಕರೆ ಇಲ್ಲದ್ದು ಈ ಕಡೆ ಇದೆ ಅಪ್ಪ, ಬಿಸಿ ಇದೆ ನೋಡಿಕೊಳ್ಳಿ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡಳು. ಆ ತಂದೆ ಅವಳು ಗೇಟು ದಾಟುವವರೆಗೂ ನೋಡಿ, ತಮ್ಮ ಮಗನ ಕಡೆ ತಿರುಗಿ, ನೋಡಿ ಕಲಿ ಎಂದು ಗದರಿದರು. ಈಗಿನ ಕಾಲದಲ್ಲಿ ಹೆತ್ತ ಅಪ್ಪನಿಗೆ ಬಹುವಚನ ಕೊಟ್ಟು ಮಾತಾಡಿಸುವವರು ಎಲ್ಲಿದ್ದಾರೆ, ಎಂಥ ಸಂಸ್ಕಾರ ಎಂದು ಹೊಗಳಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಇವರು ನನ್ನನ್ನು ನೋಡಲಿಲ್ಲ. ಟೀ ಕಪ್ಪು ಎತ್ತಿಕೊಂಡರು.

"ಹೌದು," ಅಂದರು. "ಅದನ್ನೆಲ್ಲ ನಾನೇ ಹೇಳಿಕೊಟ್ಟಿದ್ದು."